ಮೊನೆ ಇಲ್ಲದ ಗಾಳ

ಅಂಗಡಿಯ ಗಾಳ ತಂದವರು ಅದು ನೀರೊಳಗೆ ಎಲ್ಲಾದರೂ ಸಿಕ್ಕಿಕೊಂಡರೆ ದಾರ ಹರಿದು ಬಿಸಾಕಿ ಮನೆಗೆ ಹೋಗುತ್ತಾರೆ. ಬಾಳಕೃಷ್ಣನ ಮನೆಯಲ್ಲಿ ಆ ರೂಢಿ ಇರಲಿಲ್ಲ. ಆದದ್ದೆಲ್ಲ ಅದರಿಂದಲೇ ಆಯಿತು ಅಂತ ರಾಧಾಬಾಯಿ ಆ ಬೆಳಿಗ್ಗೆ ಗ್ಯಾರೇಜಿನ ಹೊಸ್ತಿಲ ಮೇಲೆ ಕೂತು ಮತ್ತೆ ಮತ್ತೆ ಅಂದುಕೊಂಡಳು. ಅಂದುಕೊಂಡು ಬಂದದ್ದೇನು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಮರಾಠಿ ಸೀಮೆಯ ಧನಕವಡಿಯಲ್ಲಿ ಅವಳ ಗಂಡ ಬಾಳಕೃಷ್ಣನದು ಸ್ಕೂಟರ್ ರಿಪೇರಿಯ ಗ್ಯಾರೇಜು. ಅದರ ಹಿಂದೆಯೇ ಎರಡು ಖೋಲಿಯ ಮನೆ. ಹುಕ್ಕೇರಿ ಕಡೆಯ, ಘಟಪ್ರಭೆಯ ದಂಡೆಯ ಮನುಷ್ಯ. ಹೊಳೆ ಬಿಟ್ಟು ಬಂದರೂ ಹೊಳೆಯ ಹುಚ್ಚು ಅವನನ್ನು ಬಿಟ್ಟಿರಲಿಲ್ಲ. ಅವನ ಗ್ಯಾರೇಜಿನಲ್ಲಿ ಬಿಸಾಕುವ ಸಾಮಾನು ಅಂತ ಒಂದಿಲ್ಲ. ಮೋಟರ್‌ಸೈಕಲ್ಲಿನ ಮುರಿದ ಸ್ಪೋಕು ಬಗ್ಗಿ ಗಾಳವಾಗುತ್ತಿತ್ತು. ಕೆಟ್ಟ ಸ್ಪಾರ್ಕ್ ಪ್ಲಗ್ಗು ದಾರ ಮುಳುಗಿಸುವ ಭಾರ. ಸವೆದ ಹವಾಯಿ ಚಪ್ಪಲಿಯನ್ನು ಕತ್ತರಿಸಿದರೆ ನೀರಿನ ಮೇಲೆ ತೇಲುವ ಬೆಂಡು, ಹಳೆ ಸೈಕಲ್ ಚಕ್ರದ ನಡುವಿನ ಹಬ್ಬು ದಾರ ಸುತ್ತುವ ರಾಟೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ ಅವನಿಗೆ ಅವನ ಗಾಳ. ಇದು ಮಾಸ್ತರರ ಬುಲೆಟ್ಟಿನದು, ಇದು ಹಾಲಿನವನ ರಾಜದೂತದ್ದು ಅಂತ ಒಂದೊಂದಕ್ಕೂ ಕುಲಗೋತ್ರ ಹೇಳುತ್ತಿದ್ದ. ಅಂಥ ಗಾಳ ಕಲ್ಲಿಗೋ ಬೊಡ್ಡೆಗೋ ಸಿಕ್ಕಿದರೆ ದಾರ ಹರಿಯುವ ಮಾತೇ ಇಲ್ಲ, ಯಾರಾದರೂ ನೀರಿಗಿಳಿದು ಬಿಡಿಸಿ ತರಬೇಕು. ಮೊದಲೆಲ್ಲ ಅವನೇ ಇಳಿಯುತ್ತಿದ್ದ. ಮೊಣಕಾಲು ನೋವು ಶುರುವಾದ ಮೇಲೆ ಮಗ ಪ್ರಣವ ಇಳಿಯತೊಡಗಿದ.

ಮೊನ್ನೆ ರವಿವಾರ ಅಪ್ಪ ಮಗ ಇಬ್ಬರೂ ಪಾನಶೇತ ರಸ್ತೆಯ ಹಿನ್ನೀರಿಗೆ ಹೋದರು. “ಮೀನ ತಂದ್ರ ತರ್ರಿ, ದಾರಿಯೊಳಗಿನ ಗುಜರಿ ಸಾಮಾನ ಎಲ್ಲಾ ಆರಿಸ್ಕೊಂಡು ಬರಬ್ಯಾಡ್ರಿ” ಅಂತ ರಾಧಾಬಾಯಿ ಬೈದೇ ಬುತ್ತಿ ಕಟ್ಟಿ ಕಳಿಸಿದ್ದಳು. ಆ ನೀರಿನ ತಳದಲ್ಲಿ ಹಳೆ ಜಾಲಿಮರಗಳ ಬೊಡ್ಡೆಗಳಿವೆ. ಗಾಳ ಒಂದು ಬೊಡ್ಡೆಗೆ ಸಿಕ್ಕಿತು. ಪ್ರಣವ ಅಂಗಿ ಕಳಚಿಟ್ಟು, ಬನಿಯನ್ನಿನಲ್ಲೇ ದಾರದ ಜಾಡು ಹಿಡಿದು ಈಜುತ್ತ ಹೋಗಿ ಮುಳುಗಿದ. ಮೇಲೆ ಬರಲಿಲ್ಲ. ಬಾಳಕೃಷ್ಣ ಗಾಬರಿಯಾಗಿ ದಾರ ಜಗ್ಗಿದ. ದಾರ ಸಲೀಸಾಗಿ ಬಂತು, ತುದಿಯಲ್ಲಿ ಗಾಳವೂ ಬಂತು. ಹುಡುಗ ಹೇಳಿದ ಕೆಲಸ ಮಾಡಿಯೇ ಹೋಗಿದ್ದ.

ಬೋಟಿನವರು ನಿನ್ನೆ ಇಡೀ ದಿನ ಹುಡುಕಿದರು. ಅವರದೇನೂ ತಪ್ಪಿಲ್ಲ, ಕೈಲಾದಷ್ಟು ಮಾಡಿದರು. ಕೆಸರು ನೀರಿನಲ್ಲಿ ತಮ್ಮ ಕೈ ತಮಗೇ ಕಾಣುವುದಿಲ್ಲ, ಕಾಯಿರಿ, ತಾನಾಗಿ ತೇಲುತ್ತಾನೆ ಅಂದು ಹೊರಟುಹೋದರು. ಬಾಳಕೃಷ್ಣನಿಗೆ ಮಾತ್ರ ಗೊತ್ತಿತ್ತು: ಒಂದು ಸಣ್ಣ ಗಾಳವನ್ನೇ ಬಿಡದ ಬೊಡ್ಡೆಗಳು ಆಳುದ್ದದ ಹುಡುಗನನ್ನು ಸುಮ್ಮನೆ ಬಿಟ್ಟುಕೊಡುವುದಿಲ್ಲ. ಸಂಜೆಗೆ ಇನ್ನೊಂದು ಸುದ್ದಿ ಬಂತು. ಘಟ್ಟದ ಮೇಲೆ ಮಳೆ ಜೋರಾಗಿದೆ, ನಾಳೆ ಸಂಜೆ ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಎಚ್ಚರಿಕೆಯ ಭೋಂಗಾ ಕೂಗಿದ ಮೇಲೆ ಯಾರೂ ನೀರಿನಲ್ಲಿ ಇರಕೂಡದು. ಆ ನೀರು ನುಗ್ಗಿತೆಂದರೆ ಹುಡುಗ ಎಲ್ಲಿಗೆ ಹೋಗುತ್ತಾನೋ ದೇವರೇ ಬಲ್ಲ. ಇವತ್ತು ಸಂಜೆಯೊಳಗೆ ಸಿಕ್ಕರೆ ಸಿಕ್ಕ, ಇಲ್ಲದಿದ್ದರೆ ಇಲ್ಲ.

ಅದಕ್ಕೇ ಬಾಳಕೃಷ್ಣ ಬೆಳಕು ಹರಿಯುವ ಮೊದಲೇ ಗ್ಯಾರೇಜಿನ ಶಟರ್ ಎತ್ತಿದ್ದ. ಬುಲೆಟ್ಟಿನ ದಪ್ಪ ಸ್ಪೋಕುಗಳನ್ನು ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ, ಬೋಲ್ಟಿಗೆ ಸುತ್ತಿ ಬಗ್ಗಿಸಿ, ಸುಟ್ಟ ಆಯಿಲ್ಲಿನ ಡಬ್ಬಿಯಲ್ಲಿ ಅದ್ದುತ್ತಿದ್ದ. ಚುಂಯ್ ಅಂದು ಹೊಗೆ ಏಳುತ್ತಿತ್ತು. ತಣಿದ ಮೇಲೆ ಚಾಣದಿಂದ ತುದಿಯ ಹಿಂದೊಂದು ಸಣ್ಣ ಮುಳ್ಳು ಎಬ್ಬಿಸುತ್ತಿದ್ದ. ಒಮ್ಮೆ ನಾಟಿದ್ದು ಮತ್ತೆ ಜಾರದಂತೆ ಹಿಡಿಯುವುದು ಆ ಮುಳ್ಳೇ. ಒಂದು ಸ್ಕೂಟರಿನ ಕ್ರ್ಯಾಶ್ ಗಾರ್ಡಿನ ಪೈಪಿಗೆ ಕ್ಲಚ್ ವಾಯರಿನ ತುಂಡು ಕಟ್ಟಿ, ಸಾಲಾಗಿ ಆ ಗಾಳಗಳನ್ನು ಇಳಿಬಿಟ್ಟಿದ್ದ. ಕೈ ತಾನಾಗಿ ನಡೆಯುತ್ತಿತ್ತು. ಮುಖ ನೋಡುವ ಹಾಗಿರಲಿಲ್ಲ.

“ಇದೇನ್ರಿ?” ಅಂದಳು ರಾಧಾಬಾಯಿ.

“ತಳಾ ಬಾಚೂ ಗಾಳ. ಪೈಪ್ ತಳದ ಗುಂಟ ಹೋಗತದ, ಇವು ಅದರ ಹಿಂದ ಬರತಾವ. ಬೊಡ್ಡಿ ನಡುವ ಎಲ್ಲೇ ಇದ್ರೂ ಬಾಡಿ…”

“ಬಾಡಿ ಅಂದ್ರ ನಾಲಿಗಿ ಕಿತ್ತಿಡತೀನಿ ನೋಡ್ರಿ. ಹೆಸರಿಲ್ಲೇನು ಅವಂಗ?”

ರವಿವಾರದಿಂದ ಆ ಶಬ್ದ ಅವಳ ಕಿವಿಗೆ ಕಾಸಿದ ಎಣ್ಣೆಯಂತೆ ಬೀಳುತ್ತಿತ್ತು. ಬೋಟಿನವರು ಬಾಡಿ ಅಂದರು, ಪೊಲೀಸರು ಬಾಡಿ ಅಂದರು, ನೆರೆಮನೆಯ ತ್ರಿವೇಣಿ ಚಹಾ ತಂದಿಟ್ಟು ಬಾಡಿ ಸಿಕ್ತೇನ್ರಿ ಅಂತ ಕೇಳಿದಳು. ರಾಧಾಬಾಯಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಳುವುದು ಯಾತಕ್ಕೆ? ಹುಡುಗ ನೀರಿನಲ್ಲಿ ಇದ್ದಾನೆ, ತೆಗೆಯಬೇಕು, ಅಷ್ಟೇ. ಭೋಸರಿಯ ಕಾರಖಾನೆಯಲ್ಲಿ ಅವನ ಪಾಳಿ ತಪ್ಪಿದೆ, ಯಾರಾದರೂ ಹೋಗಿ ಹೇಳಿ ಬರಬೇಕು ಅಂತ ನಿನ್ನೆ ಅಂದಾಗ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು.

ಅವಳು ಒಂದು ಗಾಳ ಕೈಗೆ ತಗೊಂಡು ಮೊನೆಯ ಮೇಲೆ ಬೆರಳಿಟ್ಟು ನೋಡಿದಳು.

“ಇದು ಅವನ ಮೈಗೆ ಚುಚ್ಚತದ.”

“ಚುಚ್ಚಬೇಕಲ್ಲ ರಾಧಾ. ಚುಚ್ಚಲಿಲ್ಲಂದ್ರ ಹಿಡಿಯೂದು ಹ್ಯಾಂಗ?”

“ಮೀನ ಹಿಡದಂಗ ಹಿಡೀತೀರೇನು ನನ್ನ ಮಗನ್ನ? ಕಣ್ಣಿಗೆ ಬಡೀತು ಅಂದ್ರ? ಬಾಯಾಗ ಸಿಕ್ತು ಅಂದ್ರ? ಮೊನಿ ಇಳಸ್ರಿ ಇದರದು. ಎಲ್ಲಾದರದೂ ಇಳಸ್ರಿ.”

ಮೊನೆ ಇಲ್ಲದ ಗಾಳ ಅಂದರೆ ಬಗ್ಗಿದ ತಂತಿ, ಮತ್ತೇನೂ ಅಲ್ಲ. ಅದು ಬಾಳಕೃಷ್ಣನಿಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತಿತ್ತು. ಆದರೆ ಒಂದು ಸುಡುಗಾಡು ಸ್ಪೋಕಿನ ತುಂಡಿಗೋಸ್ಕರ ಮಗನನ್ನು ನೀರಿಗಿಳಿಸಿದವನು ಹೆಂಡತಿಗೆ ಯಾವ ಬಾಯಿಂದ ಇಲ್ಲ ಅಂದಾನು? ಕಬ್ಬಿಣ ಉಜ್ಜುವ ಕಾನಸ ತಗೊಂಡ. ಆಗಷ್ಟೇ ಎಬ್ಬಿಸಿದ ಮುಳ್ಳುಗಳನ್ನು ಒಂದೊಂದಾಗಿ ಉಜ್ಜಿ ಹಾಕಿದ, ಮೊನೆ ಮೊಂಡು ಮಾಡಿದ. ಅದೂ ಅವಳಿಗೆ ಸಮಾಧಾನವಾಗಲಿಲ್ಲ. ಸೈಕಲ್ಲಿನ ವಾಲ್‌ಟ್ಯೂಬಿನ ರಬ್ಬರು ಕತ್ತರಿಸಿ ಪ್ರತಿ ತುದಿಗೂ ಟೊಪ್ಪಿಗೆ ತೊಡಿಸಿದಳು, ಕೂಸಿಗೆ ಕುಲಾವಿ ಹಾಕಿದ ಹಾಗೆ. ಇಬ್ಬರೂ ಕೂಡಿ ಆ ಹುಚ್ಚು ಕೆಲಸ ಮುಗಿಸಿದರು. ಆಮೇಲೆ ಟೆಂಪೊದವನನ್ನು ಕರೆದರು.

ಹಿನ್ನೀರಿನ ದಂಡೆಯಲ್ಲಿ ಮಳೆ ಹನಿಯುತ್ತಿತ್ತು. ಅಲ್ಲಿ ಪಹರೆಗೆ ಇದ್ದವಳು ಸ್ನೇಹಲ್ ಅಂತ ಒಬ್ಬ ಪೊಲೀಸ್ ಹುಡುಗಿ, ರೇನ್‌ಕೋಟಿನೊಳಗೆ ಮುದುಡಿ ನಿಂತಿದ್ದಳು. “ಭೋಂಗಾ ಆಯಿತೆಂದರೆ ದೋಣಿ ದಂಡೆಗೆ ಬಂದಿರಬೇಕು ಕಾಕು, ಮತ್ತೆ ನನ್ನ ಕೈಯಲ್ಲೇನೂ ಇಲ್ಲ” ಅಂತ ರಾಧಾಬಾಯಿಗೆ ಮರಾಠಿಯಲ್ಲಿ ಅಂದಳು, ಚಿಕ್ಕಮ್ಮಾ ಅನ್ನುವ ಹಾಗೆ. ದೋಣಿ ಕೊಟ್ಟದ್ದು ಆ ನೀರಿನಲ್ಲೇ ಬಲೆ ಬೀಸುವ ಒಬ್ಬ ಮುದುಕ. ಎಲ್ಲರೂ ತಾತ್ಯಾ ಅನ್ನುತ್ತಿದ್ದರು. ತಾತ್ಯಾ ಪೈಪಿನ ಗಾಳಗಳನ್ನು ನೋಡಿದ, ರಬ್ಬರಿನ ಟೊಪ್ಪಿಗೆಗಳನ್ನು ಮುಟ್ಟಿದ.

“ಇದಕ್ಕೆ ಮೊನೆ ಎಲ್ಲಿ?”

“ಇರಲಿ ತಾತ್ಯಾ,” ಅಂದ ಬಾಳಕೃಷ್ಣ, ಹೆಂಡತಿಯ ಕಡೆ ನೋಡದೆ.

ತಾತ್ಯಾ ಹುಟ್ಟು ಹಾಕುತ್ತಿದ್ದ, ಬಾಳಕೃಷ್ಣ ಹಿಂದೆ ಮೊಣಕಾಲೂರಿ ಹಗ್ಗ ಹಿಡಿದಿದ್ದ. ಪೈಪು ಮುಳುಗಿ ತಳ ಮುಟ್ಟಿತು. ಆ ದಂಡೆಯಿಂದ ಈ ದಂಡೆ, ಮತ್ತೆ ಈ ದಂಡೆಯಿಂದ ಆ ದಂಡೆ, ಹೊಲ ಹರಗಿದ ಹಾಗೆ. ಹಗ್ಗ ಬಿಗಿದಾಗೆಲ್ಲ ದಂಡೆಯ ಮೇಲೆ ಕೂತ ರಾಧಾಬಾಯಿ ಎದ್ದು ನಿಲ್ಲುತ್ತಿದ್ದಳು. ಜಾಲಿಯ ಟೊಂಗೆ ಬಂತು. ಯಾರದೋ ಹರಿದ ಬಲೆ ಬಂತು. ಕೆಸರು ತುಂಬಿದ ಚೀಲ ಬಂದಾಗ ಅವಳು ನೀರಿನ ಅಂಚಿನವರೆಗೆ ಓಡಿ ಹಿಂದಕ್ಕೆ ಬಂದಳು. ಹೊತ್ತು ನೆತ್ತಿ ದಾಟಿತು. ಘಟ್ಟದ ಮೇಲಿನ ಮೋಡ ಕಪ್ಪಾಗುತ್ತಲೇ ಇತ್ತು. ಸ್ನೇಹಲ್ ಬಿಸ್ಕಿಟ್ಟಿನ ಪುಡಿಕೆ ಚಾಚಿದಳು; ರಾಧಾಬಾಯಿ ತಗೊಂಡು ಕೈಯಲ್ಲೇ ಹಿಡಿದುಕೊಂಡಳು. ಯಲ್ಲಮ್ಮಾ, ಒಂದು ಸಲ ಹಗ್ಗ ಬಿಗೀಲಿ, ಒಂದೇ ಸಲ, ಮತ್ತೇನೂ ಕೇಳೂದಿಲ್ಲ ನಿನ್ನ ಅಂತ ಬೇಡಿಕೊಂಡಳು.

ಮಧ್ಯಾಹ್ನ ಇಳಿಯುವಾಗ ಹಗ್ಗ ಬಿಗಿಯಿತು. ಈ ಸಲದ ಬಿಗಿ ಬೇರೆ. ಬೊಡ್ಡೆಗೆ ಸಿಕ್ಕರೆ ಹಗ್ಗ ಅಲುಗಾಡುವುದಿಲ್ಲ, ದೋಣಿಯೇ ನಿಲ್ಲುತ್ತದೆ. ಇದು ಭಾರವಾಗಿ, ಆದರೆ ಒಂದೊಂದು ಗೇಣು ಬರುತ್ತಿತ್ತು. ತಾತ್ಯಾ ಹುಟ್ಟು ಎತ್ತಿ ಹಿಡಿದ. ಬಾಳಕೃಷ್ಣ ಕೈ ಮೇಲೆ ಕೈ ಹಾಕಿ ಎಳೆದ. ನೀರಿನ ಕೆಳಗೆ ಬೆಳ್ಳಗೆ ಬನಿಯನ್ನು ಕಂಡಿತು, ಆಮೇಲೆ ಹೆಗಲು. ಗಾಳ ಹುಡುಗನ ಕಂಕುಳಲ್ಲಿ ಸಿಕ್ಕಿತ್ತು. ಬಾಳಕೃಷ್ಣ ಹಗ್ಗವನ್ನು ಒಂದು ಕೈಗೆ ಬಿಟ್ಟು ಇನ್ನೊಂದು ಕೈ ನೀರಿಗೆ ಚಾಚಿದ. ಬೆರಳು ಬನಿಯನ್ನಿಗೆ ತಾಕಿತು. ಅಷ್ಟರಲ್ಲಿ ರಬ್ಬರು ತೊಟ್ಟ ಆ ಮೊಂಡ ಕಬ್ಬಿಣ ಒದ್ದೆ ಮೈಮೇಲೆ ಸರ್ರನೆ ಜಾರಿತು. ಬೆಳ್ಳಗಿದ್ದದ್ದು ನಿಧಾನಕ್ಕೆ ಕೆಳಗೆ ಹೋಯಿತು.

ಬಾಳಕೃಷ್ಣ ಒಂದು ಸದ್ದು ಮಾಡಿದ. ಇಷ್ಟು ವರ್ಷ ಸಂಸಾರ ಮಾಡಿದ ರಾಧಾಬಾಯಿ ಅವನ ಬಾಯಲ್ಲಿ ಅಂಥದ್ದನ್ನು ಕೇಳಿರಲಿಲ್ಲ. ನೀರಿಗೆ ಹಾರಲು ಹೊರಟವನನ್ನು ತಾತ್ಯಾ ಕೊರಳಪಟ್ಟಿ ಹಿಡಿದು ದೋಣಿಯೊಳಗೆ ಕೆಡವಿದ. ಅದೇ ಜಾಗದಲ್ಲಿ ಪೈಪನ್ನು ಎಷ್ಟು ಸಲ ಇಳಿಬಿಟ್ಟರೂ ಗಾಳ ಏನನ್ನೂ ಹಿಡಿಯಲಿಲ್ಲ. ತಾಗುತ್ತಿತ್ತು, ಸವರಿಕೊಂಡು ಬರುತ್ತಿತ್ತು. ಕಡೆಗೆ ತಾತ್ಯಾ ಅಲ್ಲೊಂದು ಬಿದಿರಿನ ಗಳ ನೆಟ್ಟು ಗುರುತು ಮಾಡಿ ದೋಣಿಯನ್ನು ದಂಡೆಗೆ ತಂದ.

“ಬಂದಿದ್ದ,” ಅಂದ ಬಾಳಕೃಷ್ಣ. “ಕೈಗೆ ತಾಕೂವಷ್ಟು ಬಂದಿದ್ದ. ಜಾರಿದ.”

ಯಾತಕ್ಕೆ ಜಾರಿದ ಅಂತ ಅವನು ಹೇಳಲಿಲ್ಲ. ನಿನ್ನಿಂದ ಅಂತ ಒಂದು ಮಾತು ಅಂದಿದ್ದರೆ, ಕೆನ್ನೆಗೊಂದು ಬಾರಿಸಿದ್ದರೆ ರಾಧಾಬಾಯಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಕೆಸರಿನಲ್ಲಿ ಕೂತು ತನ್ನ ಬೆರಳು ನೋಡಿಕೊಳ್ಳುತ್ತಿದ್ದ.

“ನಾ ಮಾಡಿಸಿದ್ದಕ್ಕ,” ಅಂದಳು ಅವಳು. “ನಾ ಹಟಾ ಮಾಡಿ ಮೊನಿ ಇಳಿಸಿದ್ದಕ್ಕ.”

“ಇಬ್ಬರೂ ಕೂಡೇ ಮಾಡಿದ್ವಿ.”

“ನೀವರೆ ಬ್ಯಾಡ ಅನಬಾರದೇನ್ರಿ? ನಿಮಗ ತಿಳೀತಿತ್ತಲ್ಲ.”

“ನನಗ ಧೈರ್ಯ ಸಾಲಲಿಲ್ಲ ರಾಧಾ.”

ಹೆತ್ತ ಕರುಳು ಅಂತ ಹಾಡಿ ಹೊಗಳುತ್ತಾರೆ. ಆ ಕರುಳೇ ಕೈಗೆ ಬಂದ ಮಗನನ್ನು ಮತ್ತೆ ಮಡುವಿಗೆ ನೂಕಿತಲ್ಲ. ಸ್ನೇಹಲ್ ಫೋನಿನಲ್ಲಿ ಹ್ಞೂಂ ಸಾಹೇಬ, ಹ್ಞೂಂ ಸಾಹೇಬ ಅನ್ನುತ್ತಿದ್ದಳು. ಫೋನು ಇಟ್ಟು ಹತ್ತಿರ ಬಂದು, ಇನ್ನು ಬಹಳ ಹೊತ್ತಿಲ್ಲ ಕಾಕು ಅಂದಳು.

ರಾಧಾಬಾಯಿ ಪೈಪನ್ನು ತನ್ನ ಕಡೆ ಎಳೆದುಕೊಂಡಳು. ತಾನೇ ತೊಡಿಸಿದ ಟೊಪ್ಪಿಗೆಗಳನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಎಳೆದು ಉಗುಳಿದಳು. ದಂಡೆಯಲ್ಲೊಂದು ಕರಿಕಲ್ಲಿನ ಬಂಡೆ ಇತ್ತು. ಅದರ ಮೇಲೆ ನೀರು ಚಿಮುಕಿಸಿ, ಅಡಿಗೆಮನೆಯಲ್ಲಿ ಈಳಿಗೆ ಮಸೆಯುವ ಹಾಗೆ ಗಾಳದ ತುದಿಯನ್ನು ಮಸೆಯಹತ್ತಿದಳು. ಬಾಳಕೃಷ್ಣ ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಎದ್ದು, ಸಾಮಾನಿನ ಚೀಲದಿಂದ ಚಾಣ, ಸುತ್ತಿಗೆ ತೆಗೆದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಅವಳು ಮಸೆದು ಕೊಟ್ಟದ್ದರ ಬೆನ್ನಿಗೆ ಅವನು ಮುಳ್ಳು ಎಬ್ಬಿಸುತ್ತಿದ್ದ. ಎಲ್ಲಾ ಗಾಳಗಳನ್ನೂ ಮಾಡಲು ಹೊತ್ತಿರಲಿಲ್ಲ.

“ಏನು ಮಾಡ್ತಿದ್ದೀರಿ ಕಾಕು?” ಅಂತ ಸ್ನೇಹಲ್ ಕೇಳಿದಳು.

“ಮಗನಿಗೆ ಗಾಳ ಮಸೀತಿದ್ದೀನಿ ತಂಗಿ,” ಅಂದಳು ರಾಧಾಬಾಯಿ, ಅವಳ ಮರಾಠಿಯಲ್ಲೇ. “ಚುಚ್ಚಬೇಕಲ್ಲ.”

ಆ ಹುಡುಗಿ ಮುಖ ತಿರುಗಿಸಿಕೊಂಡಳು. ಸ್ವಲ್ಪ ದೂರ ಹೋಗಿ ಮತ್ತೆ ಫೋನು ಹಚ್ಚಿ, ಒಂದು ದೋಣಿ ಇನ್ನೂ ನೀರಿನಲ್ಲಿದೆ ಸಾಹೇಬ, ಬರ್ತಾ ಇದೆ, ಸ್ವಲ್ಪ ತಡೀರಿ ಅಂದಳು. ದೋಣಿ ಆಗ ದಂಡೆಯಲ್ಲೇ ಇತ್ತು.

ಈ ಸಲ ರಾಧಾಬಾಯಿಯೂ ಹತ್ತಿದಳು. ಹೆಂಗಸರು ಬೇಡ ಅಂತ ತಾತ್ಯಾ ಅನ್ನಲಿಲ್ಲ. ಅಂದಿದ್ದರೂ ಅವಳು ಕೇಳುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು ಗಂಡನ ಪಕ್ಕ ಮೊಣಕಾಲೂರಿ ಹಗ್ಗಕ್ಕೆ ಕೈ ಹಚ್ಚಿದಳು. ನೆಟ್ಟ ಗಳದ ಸುತ್ತ ದೋಣಿ ಸುತ್ತಿತು. ಹಗ್ಗದೊಳಗಿಂದ ತಳದ ಸುದ್ದಿಯೆಲ್ಲ ಅಂಗೈಗೆ ಬರುತ್ತದೆ ಅನ್ನುವುದು ಅವಳಿಗೆ ಆಗ ಗೊತ್ತಾಯಿತು: ಇದು ಕಲ್ಲು, ಇದು ಕೆಸರು, ಇದು ಬೇರು. ಅಪ್ಪ ಮಗ ಇಬ್ಬರೂ ವಾರವಾರವೂ ಇದಕ್ಕೇ ಓಡಿ ಬರುತ್ತಿದ್ದರೋ ಏನೋ.

ಭೋಂಗಾ ಆಯಿತು. ಗುಡ್ಡದಿಂದ ಗುಡ್ಡಕ್ಕೆ ಬಡಿದು ಊಳಿಟ್ಟಿತು. ದಂಡೆಯಿಂದ ಸ್ನೇಹಲ್ ಎರಡೂ ಕೈ ಬೀಸಿ ಕರೆದಳು. ತಾತ್ಯಾ ಕಿವಿ ಕೇಳದವನಂತೆ ಹುಟ್ಟು ಹಾಕುತ್ತಲೇ ಇದ್ದ. ಬಾಳಕೃಷ್ಣ ಬಾಯೊಳಗೇ ಬಾರೋ ಪ್ರಣ್ಯಾ, ಬಾರೋ ಅನ್ನುತ್ತಿದ್ದ. ನೀರಿನ ಮೇಲೆ ಕಸಕಡ್ಡಿ ಒಂದೇ ಕಡೆಗೆ ಸರಿಯತೊಡಗಿತ್ತು.

ಹಗ್ಗದಲ್ಲಿ ಒಂದು ತಡೆ ಬಂತು. ತಡೆ ಬಂದು, ನಾಟಿತು. ಕಬ್ಬಿಣ ಮೈಯೊಳಗೆ ಇಳಿದದ್ದು ಅಂಗೈಗೆ ಗೊತ್ತಾಗಿ ರಾಧಾಬಾಯಿ ಹಲ್ಲು ಕಚ್ಚಿದಳು. ಹಗ್ಗ ಬಿಡಲಿಲ್ಲ. “ಜಗ್ಗು,” ಅಂದ ಗಂಡ. ಜಗ್ಗಿದಳು. ಈ ಸಲ ಜಾರಲಿಲ್ಲ.

ದಂಡೆಗೆ ತಂದು ಮಲಗಿಸಿದಾಗ ಪ್ರಣವನ ಮುಖ ಊದಿಕೊಂಡಿತ್ತು, ಆದರೂ ಅವನೇ. ಕೂದಲಲ್ಲಿ ಜಾಲಿಯ ಕಸ ಸಿಕ್ಕಿತ್ತು. ಅವಳು ಬೆರಳಿನಿಂದ ಬಾಚಿ ತೆಗೆದಳು. ಗಾಳ ಹೆಗಲ ಹಿಂದೆ ನಾಟಿತ್ತು, ಮುಳ್ಳು ಸಹಿತ ಒಳಗಿತ್ತು. ಬಾಳಕೃಷ್ಣ ಮಗನ ಕಾಲು ಹಿಡಿದುಕೊಂಡು ಕೂತಿದ್ದ, ಅವನಿಂದ ಇನ್ನೇನೂ ಆಗುವಂತಿರಲಿಲ್ಲ. ಅದನ್ನು ಮುಟ್ಟಬೇಡಿ ಕಾಕು, ಆಸ್ಪತ್ರೆಯಲ್ಲಿ ಡಾಕ್ಟರ್ ತೆಗೀತಾರೆ ಅಂದಳು ಸ್ನೇಹಲ್.

“ಅಲ್ಲೀತನಕ ಇದನ್ನ ಇಟಗೊಂಡ ಹೋಗಬೇಕೇನು ನನ್ನ ಮಗ?” ಅಂತ ಕನ್ನಡದಲ್ಲೇ ಅಂದು, ರಾಧಾಬಾಯಿ ಚೀಲದಿಂದ ಪಕ್ಕಡ ತಗೊಂಡಳು.

ಮುಳ್ಳಿರುವ ಗಾಳವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಬಾರದು, ಮಾಂಸ ಹರಿಯುತ್ತದೆ. ಮುಂದಕ್ಕೆ ಒತ್ತಿ, ಮೊನೆಯನ್ನು ಇನ್ನೊಂದು ಕಡೆ ಹೊರಗೆ ತಂದು, ಮುಳ್ಳನ್ನು ಪಕ್ಕಡದಿಂದ ಕತ್ತರಿಸಿ, ಆಮೇಲೆ ಹಿಂದಕ್ಕೆ ತೆಗೆಯಬೇಕು. ಆ ಮನೆಗೆ ಸೊಸೆಯಾಗಿ ಬಂದವಳು ಅಷ್ಟು ಕಲಿತಿದ್ದಳು. ಮಗನನ್ನು ಮಗ್ಗುಲಾಗಿಸಿ ತೊಡೆಯ ಮೇಲೆ ತಲೆ ಇಟ್ಟುಕೊಂಡಳು. ಸೆರಗಿನ ಚುಂಗನ್ನು ಮಡಚಿ ಕೈಯಲ್ಲಿ ತಯಾರಿಟ್ಟುಕೊಂಡಳು.

“ಸ್ವಲ್ಪ ಬ್ಯಾನಿ ಆಗತದ ಪ್ರಣ್ಯಾ. ತಡಕೋ. ಆತು, ಆತು, ಇಷ್ಟ ಇನ್ನ.”

ಒತ್ತಿದಳು. ಮೊನೆ ಹೊರಗೆ ಬಂತು. ಮುಳ್ಳು ಕತ್ತರಿಸಿ ಗಾಳವನ್ನು ಹಿಂದಕ್ಕೆ ತೆಗೆದು ನೀರಿಗೆ ಎಸೆದಳು. ಮರುಗಳಿಗೆಯಲ್ಲೇ ಸೆರಗಿನ ಚುಂಗನ್ನು ಗಾಯದ ಮೇಲಿಟ್ಟು ಎರಡೂ ಕೈಯಿಂದ ಗಟ್ಟಿಯಾಗಿ ಅದುಮಿ ಹಿಡಿದಳು. ತಾತ್ಯಾ ತಲೆಯ ಮೇಲಿನ ಟೊಪ್ಪಿಗೆ ತೆಗೆದ.

“ರಾಧಾ,” ಅಂದ ಬಾಳಕೃಷ್ಣ. “ಬಿಡು.”

“ತಡ್ರಿ, ರಕ್ತ ನಿಲ್ಲಲಿ.”

ಮಳೆ ಬೀಳುತ್ತಿತ್ತು. ಸಾಕಷ್ಟು ಹೊತ್ತು ಅದುಮಿ ಹಿಡಿದ ಮೇಲೆ ಅವಳು ಬಟ್ಟೆ ಎತ್ತಿ ನೋಡಿದಳು. ಬಟ್ಟೆಗೆ ಏನೂ ಹತ್ತಿರಲಿಲ್ಲ. ಮತ್ತೆ ಇಟ್ಟು ಅದುಮಿದಳು, ಮತ್ತೆ ಎತ್ತಿದಳು, ಚುಂಗನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಗಂಡನ ಕಡೆ ಮುಖ ಎತ್ತಿದಳು.

“ರಕ್ತನ ಬರವಲ್ದಲ್ರೀ,” ಅಂದಳು.

ಬಾಳಕೃಷ್ಣ ತೆವಳಿಕೊಂಡು ಬಂದು ಅವಳ ಕೈಯಿಂದ ಸೆರಗು ಬಿಡಿಸಿದ. ರವಿವಾರದಿಂದ ಅಳದವಳು ಆಗ ಅತ್ತಳು.